ಸದ್ದು ಆಗದವರಿಗೂ ಒಂದು ಹಿಪ್‌ಹಾಪ್ ಹಾಡು: ‘ದಿ ಮೆಸೇಜ್’, 1982

(1/4)
ಫೆಸ್ಟ್ ದಿನ ಡಿಜೆ ಶುರುವಾಗಿ ಐದು ನಿಮಿಷಕ್ಕೆ ನಾನು ಎದ್ದು ಹೊರಗೆ ಹೋಗಿದ್ದನ್ನ ನಿಮ್ಮಲ್ಲಿ ತುಂಬಾ ಜನ ನೋಡಿದ್ದೀರಿ. “ಸ್ಕೋಪ್ ತಗೋತಾನೆ” ಅಂದ್ರಂತೆ. ಬಿಡಿ. ಆದ್ರೆ ಆಮೇಲೆ ಮೂರು ಜನ ಒಂದೇ ಪ್ರಶ್ನೆ ಕೇಳಿದ್ರು: “ಹಿಪ್‌ಹಾಪ್ ಹಿಸ್ಟರಿ ಅಂತ ಇಷ್ಟುದ್ದ ಬರೀತೀಯ, ಸೌಂಡ್ ಆಗಲ್ಲ ಅಂದ್ರೆ ಹೆಂಗೆ ಗುರು?” ಈ ಸಲದ ಸರಣಿ ಅದಕ್ಕೆ ಉತ್ತರ.

ನನ್ನ ಕಿವಿಯ ಕಥೆ ಸಣ್ಣದು. ಕುಕ್ಕರ್ ವಿಷಲ್, ಮಿಕ್ಸಿ, ಸ್ಟೀಲ್ ತಟ್ಟೆ ನೆಲಕ್ಕೆ ಬಿದ್ದಿದ್ದು, ಇವೆಲ್ಲ ನಿಮಗೆ ಸದ್ದು, ನನಗೆ ಏಟು. ಜೋರು ಅನ್ನೋದಕ್ಕಿಂತ ‘ಇದ್ದಕ್ಕಿದ್ದಂತೆ’ ಅನ್ನೋದೇ ಕಷ್ಟ. ಮುಂದೇನು ಬರುತ್ತೆ ಅಂತ ಗೊತ್ತಿದ್ರೆ ಎಷ್ಟೋ ತಡ್ಕೋತೀನಿ. ನಿಮ್ಮ ಕ್ಲಾಸಲ್ಲೂ ಹೀಗಿರೋರು ಒಬ್ಬರಾದ್ರೂ ಇರ್ತಾರೆ, ಹೇಳ್ಕೊಳ್ಳಲ್ಲ ಅಷ್ಟೇ.

ಅಂಥ ಕಿವಿ ಇಟ್ಕೊಂಡು ನಾನು ಪೂರ್ತಿ ಕೇಳಿದ ಮೊದಲ ರ‍್ಯಾಪ್ ಹಾಡು ‘ದಿ ಮೆಸೇಜ್’. ಕವರ್ ಮೇಲೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಆ್ಯಂಡ್ ದ ಫ್ಯೂರಿಯಸ್ ಫೈವ್ ಅಂತ ಹೆಸರು. ಕಂಪನಿ ನ್ಯೂಜೆರ್ಸಿಯ ಶುಗರ್ ಹಿಲ್ ರೆಕಾರ್ಡ್ಸ್. ಏಳು ನಿಮಿಷಕ್ಕೂ ಸ್ವಲ್ಪ ಜಾಸ್ತಿ ಉದ್ದ.

(2/4)
ಮೊದಲು ಅದು ಕಿವಿಗೆ ಹೇಗೆ ಬೀಳುತ್ತೆ ಅಂತ ಹೇಳ್ತೀನಿ. ವೇಗ ನಿಮಿಷಕ್ಕೆ ಸುಮಾರು 100 ಬೀಟ್, ಅಂದ್ರೆ ಆತುರ ಇಲ್ಲದೆ ನಡ್ಕೊಂಡು ಹೋಗೋ ಲಯ. ಡ್ರಮ್ ಏಟು ಗಟ್ಟಿ, ಆದ್ರೆ ಪ್ರತಿ ಸಲ ಅದೇ ಜಾಗಕ್ಕೆ ಬೀಳುತ್ತೆ. ಎರಡನೇ ಸುತ್ತಿಗೆ ಕಿವಿ ಅದನ್ನ ನಂಬೋಕೆ ಶುರು ಮಾಡುತ್ತೆ. ಮೇಲಿಂದ ಒಂದು ಸಿಂಥಸೈಜರ್ ಗಾಜಿನ ಮಣಿ ಮೆಟ್ಟಿಲಿಳಿದ ಹಾಗೆ ಇಳಿದು ಬರುತ್ತೆ. ತೆಳು, ಹೊಳಪು. ಎತ್ತರದ ಸ್ವರ ಚುಚ್ಚುತ್ತೆ ಅನ್ನೋರಿಗೆ ಇದೊಂದು ತೊಂದರೆ ಕೊಡಬಹುದು, ಟ್ರೆಬಲ್ ಕಡಿಮೆ ಮಾಡಿ. ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಮಧ್ಯದ ಖಾಲಿ ಜಾಗ. ವಾದ್ಯಗಳು ಒಂದರ ಮೇಲೊಂದು ಹತ್ತಿ ಕೂತಿಲ್ಲ. ದನಿ ಹತ್ತಿರದಲ್ಲಿದೆ, ಪಕ್ಕದಲ್ಲಿ ನಿಂತು ಮಾತಾಡಿದ ಹಾಗೆ. ಪಲ್ಲವಿಯ ಕೊನೆಗೆ ಬರೋ ಆ ತುಂಡು ತುಂಡು ನಗು ಮಾತ್ರ ಮೊದಲ ಸಲ ಮೈ ಜುಮ್ಮೆನ್ನಿಸಿತ್ತು.

ಒಂದು ಎಚ್ಚರಿಕೆ. ಕೊನೆಯ ಒಂದು ನಿಮಿಷದ ಆಸುಪಾಸಿನಲ್ಲಿ ಹಾಡು ನಿಂತು ನಾಟಕ ಶುರುವಾಗುತ್ತೆ. ಬೀದಿ ಮೂಲೆ, ಗೆಳೆಯರ ಹರಟೆ, ಕಾರು ಬಂದು ನಿಲ್ಲೋದು, ಪೊಲೀಸರ ಕೂಗು, ಬಂಧನ. ಆರು ನಿಮಿಷ ಕಿವಿಯ ನಂಬಿಕೆ ಗಳಿಸಿ ಆಮೇಲೆ ಮುರೀತಾರೆ. ಅದು ಬೇಡ ಅನ್ನೋರು ರ‍್ಯಾಪ್ ಮುಗಿದ ಕೂಡಲೇ ನಿಲ್ಲಿಸಿ. ಕೊನೆಯ ಪದ್ಯದಲ್ಲಿ ಜೈಲು ಮತ್ತು ಸಾವು ಬರುತ್ತೆ, ಅದನ್ನೂ ಗೊತ್ತಿಟ್ಕೊಂಡೇ ಕೇಳಿ.

(3/4)
ಇಷ್ಟು ನಿಧಾನದ ಹಾಡು ಆಗ ಹೇಗೆ ಬಂತು? 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಗೆದ್ದ ಮೇಲೆ ರ‍್ಯಾಪ್ ರೆಕಾರ್ಡ್ ಅಂದ್ರೆ ಪಾರ್ಟಿ, ಕೈ ಮೇಲೆತ್ತು, ಕೂಗು ಅಂತಾನೇ ಆಗಿತ್ತು. ‘ದಿ ಮೆಸೇಜ್’ ಹುಟ್ಟಿದ್ದು ಶುಗರ್ ಹಿಲ್‌ನ ಸ್ಟುಡಿಯೋ ವಾದಕ ಎಡ್ ಫ್ಲೆಚರ್, ಅಲಿಯಾಸ್ ಡ್ಯೂಕ್ ಬೂಟಿ ಅವರಿಂದ. ತಂಡಕ್ಕೆ ಹಾಡು ಹಿಡಿಸಲಿಲ್ಲ. ಕುಣಿಯೋಕೆ ಬಂದವರು ಮನೆ ಕಷ್ಟ ಯಾಕೆ ಕೇಳ್ತಾರೆ ಅನ್ನೋದು ಅವರ ವಾದ. ಪಟ್ಟು ಹಿಡಿದು ಮಾಡಿಸಿದ್ದು ಕಂಪನಿಯ ಒಡತಿ ಸಿಲ್ವಿಯಾ ರಾಬಿನ್ಸನ್. ಕೊನೆಗೆ ರ‍್ಯಾಪ್ ಮಾಡಿದ್ದು ಡ್ಯೂಕ್ ಬೂಟಿ ಮತ್ತು ತಂಡದ ಮೆಲ್ಲಿ ಮೆಲ್. ಉಳಿದವರ ದನಿ ಆ ಕೊನೆಯ ನಾಟಕದಲ್ಲಿದೆ. ಫ್ಲ್ಯಾಶ್ ಟರ್ನ್‌ಟೇಬಲ್ ಎಲ್ಲೂ ಇಲ್ಲ! ಬಿಕಾಂನವರಿಗೆ ಗುಡ್‌ವಿಲ್ ಅಂದ್ರೇನು ಅಂತ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ರಾಯಲ್ಟಿ ಜಗಳ ಮರುವರ್ಷವೇ ಕೋರ್ಟ್ ಹತ್ತಿತು.

ನನ್ನನ್ನ ಹಿಡಿದು ಕೂರಿಸಿದ ಸಂಗತಿ ಬೇರೆ. ಹುಡುಗನೊಬ್ಬ ಹುಟ್ಟಿ, ಕೆಟ್ಟು, ಜೈಲಲ್ಲಿ ಸಾಯೋ ಆ ಕೊನೆಯ ಪದ್ಯ ಹೊಸದಲ್ಲ. 1979ರ ‘ಸೂಪರ್‌ರ‍್ಯಾಪಿನ್’ ಅನ್ನೋ ಪಾರ್ಟಿ ಹಾಡಲ್ಲಿ ಮೆಲ್ಲಿ ಮೆಲ್ ಅದನ್ನ ಆಗಲೇ ಹೇಳಿಬಿಟ್ಟಿದ್ದರು. ಎರಡನ್ನೂ ಒಂದೇ ದಿನ ಕೇಳಿ ನೋಡಿ. ಅಲ್ಲಿ ಐವರ ಗದ್ದಲದ ನಡುವೆ ಆ ಹುಡುಗ ಸತ್ತಿದ್ದು ಗೊತ್ತೇ ಆಗಲ್ಲ, ಕಾಲು ತಾಳ ಹಾಕ್ತಾನೇ ಇರುತ್ತೆ. ಇಲ್ಲಿ ಸುತ್ತ ಜಾಗ ಬಿಟ್ಟಿದ್ದಾರೆ. ಮಾತು ಬಹುತೇಕ ಅದೇ, ಸದ್ದು ಬೇರೆ.

(4/4)
ಈ ಹಾಡಿನ ವಿಷಯದಲ್ಲೇ ಸದ್ದು ಇದೆ, ಗಮನಿಸಿ. ವಾಸನೆ ತಡೆಯೋಕಾಗಲ್ಲ, ಗಲಾಟೆ ತಡೆಯೋಕಾಗಲ್ಲ, ಮನೆ ಬದಲಾಯಿಸೋಕೆ ದುಡ್ಡಿಲ್ಲ. ಮೊದಲ ಪದ್ಯದ ದೂರು ಇದು. ತಂಡದವರು ಬೆಳೆದ ಬ್ರಾಂಕ್ಸ್‌ನ ಮಧ್ಯೆಯೇ ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ ಸೀಳಿಕೊಂಡು ಹೋಗುತ್ತೆ. ಅದೇ ನ್ಯೂಯಾರ್ಕಲ್ಲಿ, ನದಿ ದಾಟಿದರೆ ಮ್ಯಾನ್‌ಹಟನ್‌ನ ಉತ್ತರದ ತುದಿಯಲ್ಲಿ, ಪಿ.ಎಸ್. 98 ಅಂತ ಸರ್ಕಾರಿ ಶಾಲೆ. ಪಕ್ಕದಲ್ಲೇ ಮೇಲ್ಸೇತುವೆ ರೈಲು. ಆರ್ಲೀನ್ ಬ್ರಾನ್‌ಜಾಫ್ಟ್ ಅನ್ನೋ ಮನಶ್ಶಾಸ್ತ್ರಜ್ಞೆ 1975ರಲ್ಲಿ ಆ ಶಾಲೆಯ ಓದಿನ ಅಂಕಗಳನ್ನ ಹೋಲಿಸಿದರು. ರೈಲಿನ ಕಡೆಯ ಕೋಣೆಗಳ ಆರನೇ ಕ್ಲಾಸಿನ ಮಕ್ಕಳು ಇನ್ನೊಂದು ಬದಿಯವರಿಗಿಂತ ಹತ್ತಿರ ಹತ್ತಿರ ಒಂದು ವರ್ಷ ಹಿಂದಿದ್ದರು. ಆಮೇಲೆ ಹಳಿಗೆ ರಬ್ಬರ್ ಹಾಸಿ, ಕೋಣೆಗಳಿಗೆ ಸದ್ದು ಹೀರೋ ಛಾವಣಿ ಹಾಕಿದರು. 1981ರ ಹೊತ್ತಿಗೆ ಮತ್ತೆ ಅಳೆದಾಗ ಆ ವ್ಯತ್ಯಾಸ ಹೋಗಿತ್ತು.

ಮಕ್ಕಳು ದಡ್ಡರಾಗಿರಲಿಲ್ಲ, ನಾಟಕಾನೂ ಮಾಡ್ತಿರಲಿಲ್ಲ. ಇದನ್ನ ಓದಿದ ದಿನ ನಾನು ಅಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. “ಹೂಂ ಕಣೋ, ನೀನು ಚಿಕ್ಕವನಿದ್ದಾಗ ಕುಕ್ಕರ್ ಇಟ್ಟರೆ ಹಿತ್ತಲಿಗೆ ಓಡ್ತಿದ್ದೆ, ನಾನು ಬೈತಿದ್ದೆ” ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ಹಾಡಿನ ಮುಂದಿನ ಕಥೆ ನಿಮಗೆ ಗೊತ್ತಿರಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2002ರಲ್ಲಿ ಕಾಪಾಡಲು ಆರಿಸಿದ ಮೊದಲ 50 ಧ್ವನಿಮುದ್ರಣಗಳಲ್ಲಿ ಇದೂ ಒಂದು. 2007ರಲ್ಲಿ ತಂಡ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು, ಹಿಪ್‌ಹಾಪ್‌ನಿಂದ ಮೊದಲ ತಂಡ. ಡ್ಯೂಕ್ ಬೂಟಿ ಆಮೇಲೆ ಮೇಷ್ಟ್ರಾದರು, ಸವಾನ್ನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಾಠ ಮಾಡಿದರು. 2021ರಲ್ಲಿ ತೀರಿಕೊಂಡರು.

ಕೇಳೋದಾದ್ರೆ ಇಯರ್‌ಫೋನ್ ಬೇಡ. ಫೋನ್ ಮೇಜಿನ ಮೇಲಿಟ್ಟು, ವಾಲ್ಯೂಮ್ ಅರ್ಧಕ್ಕಿಂತ ಕೆಳಗೆ. ಮುಂದಿನ ಸರಣಿ ಅದೇ 1982ರ ‘ಪ್ಲಾನೆಟ್ ರಾಕ್’. ಅದರ 808 ಬೇಸ್ ಎದೆಗೇ ಗುದ್ದುತ್ತೆ. ಇಲ್ಲಿವರೆಗೆ ಎರಡು ನಿಮಿಷ ತಡ್ಕೊಂಡಿದ್ದೀನಿ, ಪೂರ್ತಿ ಕೇಳಿದ ಮೇಲೆ ಬರೀತೀನಿ.