ಹಿಮದ ಮೇಲಿನ ಕಾಳಗದ ಸಂಗೀತ

ಚಲಚ್ಚಿತ್ರದ ಸಂಗೀತಕ್ಕೆ ಚಿತ್ರದಷ್ಟೇ ಆಯುಸ್ಸು ಎನ್ನುವವರುಂಟು. ಐಸೆನ್‌ಸ್ಟೈನನ ‘ಅಲೆಕ್ಸಾಂಡರ್ ನೆವ್‌ಸ್ಕಿ’ಗಾಗಿ 1938ರಲ್ಲಿ ಪ್ರೊಕೋಫಿಯೆವ್ ರಚಿಸಿದ ವಾದ್ಯವೃಂದ ಸಂಗೀತವನ್ನು ಅವರು ಕೇಳಿಲ್ಲವೆಂದು ತೋರುತ್ತದೆ.

ಹೆಪ್ಪುಗಟ್ಟಿದ ಪೈಪುಸ್ ಸರೋವರದ ಮೇಲೆ 1242ರಲ್ಲಿ ರಷ್ಯನ್ನರು ಜರ್ಮನ್ ನೈಟರನ್ನು ಸೋಲಿಸಿದ ಕಥೆ ಅದು. ಕೆಲವೆಡೆ ಚಿತ್ರ ನೋಡಿ ಸಂಗೀತ ಹುಟ್ಟಿತು. ಕೆಲವೆಡೆ ಸಂಗೀತವೇ ಮೊದಲಾಗಿ, ಚಿತ್ರ ಅದರ ತಾಳಕ್ಕೆ ಹೆಜ್ಜೆ ಹಾಕಿತು. ಶತ್ರುಗಳ ಕಹಳೆ ರಷ್ಯನ್ನರ ಕಿವಿಗೆ ಕರ್ಕಶವಾಗಿರಬೇಕೆಂದು ಪ್ರೊಕೋಫಿಯೆವ್ ಅದನ್ನು ಮೈಕ್ರೊಫೋನಿನ ತೀರ ಸಮೀಪದಲ್ಲಿ ಊದಿಸಿ ದನಿ ಒಡೆಯುವಂತೆ ಮಾಡಿದ. ದೋಷವನ್ನೇ ಗುಣವಾಗಿಸಿಕೊಳ್ಳುವ ಜಾಣತನ! ಆದರೆ ಉಳಿದ ಧ್ವನಿಮುದ್ರಣವೂ ಕಳಪೆಯಾಯಿತು. ಅದು ಅವನು ಬೇಡಿದ ದೋಷವಲ್ಲ.

1939ರಲ್ಲಿ ಅವನು ಅದನ್ನೇ ಗಾಯಕರಿಗೂ ವಾದ್ಯವೃಂದಕ್ಕೂ ಏಳು ಭಾಗಗಳ ಕ್ಯಾಂಟಾಟವಾಗಿ ಅಳವಡಿಸಿದ. ಆ ಆಗಸ್ಟಿನಲ್ಲಿ ಸ್ಟಾಲಿನ್-ಹಿಟ್ಲರ್ ಒಪ್ಪಂದವಾಗಲು ಚಿತ್ರ ತೆರೆಯಿಂದ ಮರೆಯಾಯಿತು. 1941ರಲ್ಲಿ ಜರ್ಮನರು ದಂಡೆತ್ತಿ ಬರಲು ಮರಳಿ ಬಂತು.

ಪ್ರಚಾರಕ್ಕೆಂದು ಹುಟ್ಟಿದ ಸಂಗೀತ ಆ ಪ್ರಚಾರದ ಕಾಲ ತೀರಿದ ಮೇಲೂ ಏಕೆ ನಿಂತಿತು? ಎಲ್ಲರೂ ಕೊಂಡಾಡುವುದು ಹಿಮದ ಮೇಲಿನ ಕಾಳಗದ ಭಾಗವನ್ನು. ನನಗೆ ಅದರ ಮುಂದಿನದೇ ಹೆಚ್ಚು. ಗದ್ದಲವೆಲ್ಲ ಅಡಗಿದ ಮೇಲೆ ಒಂಟಿ ಹೆಣ್ಣೊಬ್ಬಳು ಹೆಣಗಳ ನಡುವೆ ಹುಡುಕುತ್ತ ಹಾಡುತ್ತಾಳೆ. ರನ್ನನ ಗದಾಯುದ್ಧವನ್ನು ಪಾಠ ಹೇಳುವಾಗ, ದುರ್ಯೋಧನ ರಣರಂಗದಲ್ಲಿ ತನ್ನವರ ಕಳೇಬರಗಳನ್ನು ಕಂಡು ಮರುಗುವೆಡೆ, ನನಗೆ ಈ ಹಾಡು ನೆನಪಾಗುತ್ತದೆ. ಗೆದ್ದವರ ಮೇಳದಲ್ಲಿ ಸತ್ತವರಿಗೂ ಎಡೆ ಕೊಟ್ಟುದರಿಂದಲೇ ಅದು ಉಳಿಯಿತೆಂದು ನನ್ನ ಎಣಿಕೆ.

ಚಿತ್ರದ ಸಂಗೀತವನ್ನು ವಿಲಿಯಂ ಬ್ರಾನ್ ಮತ್ತೆ ಜೋಡಿಸಿದ ಮೇಲೆ, 1987ರಲ್ಲಿ ಲಾಸ್ ಏಂಜಲೀಸಿನಲ್ಲಿ ಹಳೆಯ ಚಿತ್ರ ತೆರೆಯ ಮೇಲೆ ಓಡುತ್ತಿರಲು ಸಭಾಂಗಣದಲ್ಲೇ ಕುಳಿತ ವಾದ್ಯವೃಂದ ಅದನ್ನು ನುಡಿಸಿತು.