ಮುಟ್ಟದೆ ಅಳೆಯುವ ಬೆಳಕು

ಓದುಗರೆ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಯಾವುದಾದರೊಂದು ಅಟ್ಟದಲ್ಲಿ 'ಗಾಂಧಾರಿ' ಎಂಬ ಹೆಸರಿನ ಹಳೆಯ ಗ್ರಾಮೊಫೋನ್ ತಟ್ಟೆ ನಿಮಗೆ ದೊರೆಯಿತೆನ್ನಿ. ಅದು ಗಂಗೂಬಾಯಿ ಹಾನಗಲ್ಲರ ಎಳೆಯ ಕಂಠ. ಮುಂದೆ ಗಂಭೀರವಾದ ಆ ದನಿ ಅಲ್ಲಿ ಎತ್ತರವಾಗಿ ಕೇಳುವುದು. ಆ ಎತ್ತರ ಅವರದೋ, ಯಂತ್ರದ್ದೋ? ವೇಗ ನೂರಕ್ಕೆ 6ರಷ್ಟು ಹೆಚ್ಚಿದರೂ ಶ್ರುತಿ ಅರ್ಧ ಸ್ವರ ಏರುವುದು. ಬೆರಳಿಟ್ಟು ಎಣಿಸಹೋದರೆ ತಟ್ಟೆಯೇ ನಿಧಾನವಾದೀತು.

1832ರ ಸುಮಾರಿಗೆ ಬೆಲ್ಜಿಯಮಿನ ಪ್ಲಾಟೋ, ವಿಯೆನ್ನಾದ ಸ್ಟಾಂಫರ್ ಬೇರೆಬೇರೆಯಾಗಿ ತೋರಿಸಿದರು: ಬಿಟ್ಟು ಬಿಟ್ಟು ಕಂಡರೆ ತಿರುಗುವುದೂ ನಿಂತಂತೆ ತೋರುವುದು. ನಮ್ಮ ವಿದ್ಯುತ್ತಿನ 50 ಆವರ್ತಕ್ಕೆ ನಿಯಾನ್ ದೀಪ ನಿಮಿಷಕ್ಕೆ 6000 ಸಲ ಮಿನುಗುವುದು. ಅದರ ಬೆಳಕಿನಲ್ಲಿ, ಸಮನಾಗಿ 77 ಗೆರೆ ಎಳೆದ ಕಾಗದದ ಬಿಲ್ಲೆಯನ್ನು ತಟ್ಟೆಯ ನಡುವೆ ಇಡಿರಿ. ಗೆರೆಗಳು ನಿಂತಂತಿದ್ದರೆ ವೇಗ ಹೆಚ್ಚುಕಡಿಮೆ 78 ಸುತ್ತು. ಮುಂದೆ ಸರಿದರೆ ಹೆಚ್ಚು, ಹಿಂದೆ ಸರಿದರೆ ಕಡಿಮೆ.

ವೇಗ ಸರಿಪಡಿಸಿಯೇ ಮುಳ್ಳು ಇಳಿಸಿರಿ. ಇತಿಹಾಸವೂ ತಪ್ಪು ಶ್ರುತಿಯಲ್ಲಿ ಹಾಡಬಾರದು.