ಮದರ್‌ಬೋರ್ಡಿನ ಮೇಲೊಂದು ಪೆನ್ಸಿಲ್ ಗೆರೆ

ಪೆನ್ಸಿಲ್ ಅಂದರೆ ನನ್ನ ವಯಸ್ಸಿನ ಬ್ಯಾಂಕಿನವರಿಗೆ ಮೊದಲು ನೆನಪಾಗುವುದು ಲೆಡ್ಜರ್. ಪುಟದ ಕೆಳಗೆ ಟೋಟಲ್ ಅನ್ನು ಮೊದಲು ಪೆನ್ಸಿಲ್ಲಿನಲ್ಲಿ ಬರೆದು, ತಾಳೆಯಾದ ಮೇಲೆ ಇಂಕಿನಲ್ಲಿ ತಿದ್ದುತ್ತಿದ್ದೆವು. ಅದೇ ಪೆನ್ಸಿಲ್ಲನ್ನು 2000ದಿಂದ 2008ರ ಆಸುಪಾಸಿನವರೆಗೆ ದೇಶವಿದೇಶದ ಹುಡುಗರು ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲೆ, ಪ್ರೊಸೆಸರಿನ ಬೆನ್ನ ಮೇಲೆ ಉಜ್ಜುತ್ತಿದ್ದರು ಅಂದರೆ ನೀವು ನಂಬುತ್ತೀರಾ? ಅದೂ ಗುರುತು ಹಾಕಲಿಕ್ಕಲ್ಲ, ಕರೆಂಟು ಹರಿಸಲಿಕ್ಕೆ! ಈ ವಾರ ಬರೆಯಹೊರಟಿರುವುದು ಆ ಪೆನ್ಸಿಲ್ ಗೆರೆಯ ಚರಿತ್ರೆ. ನಾನು ಓದಿದ್ದು ಬಿ.ಕಾಂ., ಇಂಜಿನಿಯರಿಂಗ್ ಅಲ್ಲ. ಆದರೆ ಇದರೊಳಗೆ ಹೊಕ್ಕು ನೋಡಿದರೆ ಕಾಣುವುದು ನಮ್ಮ ಬ್ಯಾಂಕಿನದೇ ಒಂದು ಹಳೇ ಜಗಳ. ಅದಕ್ಕೇ ಧೈರ್ಯ ಮಾಡಿದ್ದೇನೆ.

ಮೊದಲಿನಿಂದ ಶುರು ಮಾಡೋಣ. ಕಂಪ್ಯೂಟರಿನ ಪ್ರೊಸೆಸರ್ ತಾಳಕ್ಕೆ ತಕ್ಕಂತೆ ಕೆಲಸ ಮಾಡುವ ಯಂತ್ರ. ಆ ತಾಳ ಹಾಕುವುದು ಒಂದು ಪುಟ್ಟ ಸ್ಫಟಿಕ. 1984ರಲ್ಲಿ ಐಬಿಎಂ ಕಂಪೆನಿ ಪಿಸಿ-ಎಟಿ ಎಂಬ ಕಂಪ್ಯೂಟರ್ ತಂದಿತು. ಅದರೊಳಗಿನ 80286 ಪ್ರೊಸೆಸರಿನ ವೇಗ 6 ಮೆಗಾಹರ್ಟ್ಸ್. ತಾಳ ಹಾಕುತ್ತಿದ್ದದ್ದು 12 ಮೆಗಾಹರ್ಟ್ಸಿನ ಸ್ಫಟಿಕ, ಅದರ ಅರ್ಧ ವೇಗದಲ್ಲಿ ಪ್ರೊಸೆಸರ್. ಚಾಲಾಕಿ ಜನ ಆ ಸ್ಫಟಿಕವನ್ನು ಕಿತ್ತು 16ರದ್ದನ್ನು ಕೂರಿಸಿದರು, 6ರ ಕಂಪ್ಯೂಟರ್ 8ರಲ್ಲಿ ಓಡಿತು! ಐಬಿಎಂ ಸುಮ್ಮನಿರಲಿಲ್ಲ. ಮುಂದಿನ ಬಯಾಸ್‌ನಲ್ಲಿ, ಸ್ಟಾರ್ಟ್ ಆಗುವಾಗಲೇ ವೇಗ ಅಳೆದು ಜಾಸ್ತಿಯಿದ್ದರೆ ಮುಂದೆ ಹೋಗದಂತೆ ತಡೆ ಹಾಕಿತು. ಆಮೇಲೆ 1986ರಲ್ಲಿ ತಾನೇ 8 ಮೆಗಾಹರ್ಟ್ಸಿನ ಎಟಿ ಮಾರಿತು. ಓವರ್‌ಕ್ಲಾಕಿಂಗ್ ಎಂಬ ಹವ್ಯಾಸದ ಹಳೆಯ ಕಥೆಗಳಲ್ಲಿ ಇದೊಂದು.

ಬರೆದ ವೇಗಕ್ಕಿಂತ ಜಾಸ್ತಿ ಓಡುವುದು ಹೇಗೆ ಸಾಧ್ಯ ಅಂತ ಕೇಳಬಹುದು. ಒಂದೇ ಅಚ್ಚಿನಲ್ಲಿ ತಯಾರಾದ ಚಿಪ್ಪುಗಳೆಲ್ಲ ಒಂದೇ ಗುಣದವಲ್ಲ. ಕಾರ್ಖಾನೆಯವರು ಅವನ್ನು ಪರೀಕ್ಷಿಸಿ, ಎಂಥ ಸೆಕೆಯಲ್ಲೂ ಎಷ್ಟು ವರ್ಷವಾದರೂ ತಪ್ಪದೆ ಓಡುವ ವೇಗವನ್ನೇ ಮೇಲೆ ಬರೆಯುತ್ತಾರೆ. ಕೆಲವೊಮ್ಮೆ ಮಾರುಕಟ್ಟೆಯಲ್ಲಿ ಅಗ್ಗದ ಮಾಲಿಗೆ ಬೇಡಿಕೆಯಿದೆ ಅಂತ ಒಳ್ಳೆಯ ಚಿಪ್ಪಿಗೂ ಕಡಿಮೆ ವೇಗದ ಲೇಬಲ್ ಅಂಟಿಸುತ್ತಾರೆ. ಹೀಗೆ ಪ್ರತಿ ಚಿಪ್ಪಿನಲ್ಲೂ ಸ್ವಲ್ಪ ಉಳಿತಾಯ ಇರುತ್ತದೆ. ಅದನ್ನು ಕರಗಿಸಿ ಉಣ್ಣುವುದೇ ಓವರ್‌ಕ್ಲಾಕಿಂಗ್.

ಇದಕ್ಕೆ ಹೆಸರು ಬಂದದ್ದು 1998ರ ಆಗಸ್ಟಿನಲ್ಲಿ, ಇಂಟೆಲ್ಲಿನ ಸೆಲೆರಾನ್ 300ಎ ಬಂದಾಗ. 66 ಮೆಗಾಹರ್ಟ್ಸ್ ಬಸ್ಸಿಗೆ ನಾಲ್ಕೂವರೆ ಪಟ್ಟು, ಅಂದರೆ 300. ಆ ನಾಲ್ಕೂವರೆಯನ್ನು ಇಂಟೆಲ್ ಬದಲಾಯಿಸಲಾಗದಂತೆ ಲಾಕ್ ಮಾಡಿತ್ತು. ಕಡಿಮೆ ವೇಗದ ಚಿಪ್ಪಿನ ಮೇಲೆ ದೊಡ್ಡ ನಂಬರ್ ಅಚ್ಚು ಹಾಕಿ ಮಾರುವ ಖೋಟಾ ವ್ಯಾಪಾರಿಗಳು ಆಗ ಬಹಳ ಇದ್ದರು. ಆದರೆ ಬಸ್ಸಿನ ವೇಗ ಮದರ್‌ಬೋರ್ಡಿನ ಕೈಯಲ್ಲಿತ್ತು. ಅದನ್ನು 100ಕ್ಕೆ ಏರಿಸಿದರೆ ಲೆಕ್ಕ ನೇರ, 450 ಮೆಗಾಹರ್ಟ್ಸ್! ಅಗ್ಗದ ಚಿಪ್ಪು ದುಬಾರಿ ಪೆಂಟಿಯಮ್ 2ರ ಸಮಕ್ಕೆ ನಿಂತಿತು. ಅಬಿಟ್ ಕಂಪೆನಿಯ ಬಿಎಚ್6 ಬೋರ್ಡಿನಲ್ಲಿ ಇದನ್ನೆಲ್ಲ ಕೀಬೋರ್ಡಿನಿಂದಲೇ ಮಾಡಬಹುದಿತ್ತು. ಆ ಸೌಲಭ್ಯವಿಲ್ಲದ ಬೋರ್ಡಿನವರು ಪ್ರೊಸೆಸರ್ ಕಾರ್ಡಿನ ಬಿ21 ಎಂಬ ಸಂಪರ್ಕದ ಮೇಲೆ ಟೇಪು ಅಂಟಿಸಿ, ಇಲ್ಲವೇ ಉಗುರಿನ ಬಣ್ಣ ಬಳಿದು ಬೋರ್ಡನ್ನು 100ಕ್ಕೆ ಒಪ್ಪಿಸುತ್ತಿದ್ದರು.

ಪೆನ್ಸಿಲ್ಲಿನ ಪ್ರವೇಶ ಆದದ್ದು 2000ದಲ್ಲಿ. ಎಎಂಡಿ ಕಂಪೆನಿಯ ಅಥ್ಲಾನ್ ಮತ್ತು ಡ್ಯುರಾನ್ ಪ್ರೊಸೆಸರುಗಳ ಮೇಲ್ಮೈಯಲ್ಲಿ ‘ಎಲ್1 ಸೇತುವೆ’ಗಳೆಂಬ ಸಣ್ಣ ಸಣ್ಣ ಚುಕ್ಕಿಗಳಿದ್ದವು. ಕಾರ್ಖಾನೆಯಲ್ಲಿ ಕತ್ತರಿಸಿದ್ದ ಆ ಸೇತುವೆಗಳನ್ನು ಮತ್ತೆ ಜೋಡಿಸಿದರೆ ಗುಣಕದ ಬೀಗ ತೆರೆಯುತ್ತಿತ್ತು. ಪೆನ್ಸಿಲ್ಲಿನ ಸೀಸ ಅಂತ ನಾವು ಕರೆಯುವುದು ಸೀಸವಲ್ಲ, ಗ್ರಾಫೈಟ್. ಅದರಲ್ಲಿ ವಿದ್ಯುತ್ ಹರಿಯುತ್ತದೆ. ಹಾಗಾಗಿ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದರೆ ಮುಗಿಯಿತು. 2001ರಲ್ಲಿ ಅಥ್ಲಾನ್ ಎಕ್ಸ್‌ಪಿ ಬಂದಾಗ ಸೇತುವೆಗಳ ನಡುವೆ ಲೇಸರಿನಿಂದ ಗುಳಿ ತೋಡಿದ್ದರು. ಪೆನ್ಸಿಲ್ ಗೆರೆ ಅಲ್ಲಿ ನಿಲ್ಲಲಿಲ್ಲ. ಜನ ಗುಳಿಗೆ ಗೋಂದು ತುಂಬಿ, ಮೇಲೆ ವಿದ್ಯುತ್ ಹರಿಯುವ ಬಣ್ಣ ಬಳಿದರು!

ಇಲ್ಲಿಯವರೆಗಿನದು ವೇಗದ ಆಟ. ಇನ್ನು ಮುಂದಿನದು ವೋಲ್ಟೇಜಿನದು, ನಿಜವಾದ ವಿಷಯ ಅದೇ.

1993ರ ಮೊದಲ ಪೆಂಟಿಯಮ್ 5 ವೋಲ್ಟಿನಲ್ಲಿ ಓಡುತ್ತಿತ್ತು, ಸುಮಾರು 15 ವಾಟ್ ಸಾಕಾಗುತ್ತಿತ್ತು. ಭಾಗಾಕಾರ ಮಾಡಿದರೆ 3 ಆಂಪಿಯರ್. ಮುಂದೆ ಟ್ರಾನ್ಸಿಸ್ಟರುಗಳು ಸಣ್ಣದಾದಂತೆ ವೋಲ್ಟೇಜ್ ಇಳಿಯುತ್ತ ಬಂತು. ಸೆಲೆರಾನ್ 300ಎಗೆ 2 ವೋಲ್ಟು, ಕೋರ್ 2 ಕಾಲಕ್ಕೆ ಒಂದೂಕಾಲು ವೋಲ್ಟಿನ ಆಸುಪಾಸು. ವಾಟ್ ಮಾತ್ರ ಏರುತ್ತಲೇ ಹೋಯಿತು. 100 ವಾಟನ್ನು 1.25 ವೋಲ್ಟಿನಿಂದ ಭಾಗಿಸಿ ನೋಡಿ, 80 ಆಂಪಿಯರ್! ಮುಂಬಯಿಯ ನಮ್ಮ ಫ್ಲ್ಯಾಟಿಗೆ ಬರುವ ಮೇನ್ ಸ್ವಿಚ್ಚಿನ ಮೇಲೆ ಬರೆದಿರುವುದೇ 32. ಬೆಂಕಿಪೊಟ್ಟಣದಗಲದ ಚಿಪ್ಪಿಗೆ ಹರಿಯುವ ಕರೆಂಟು ಅದರ ಎರಡೂವರೆ ಪಟ್ಟು.

ಊರಿನಲ್ಲಿ ಪಂಪ್‌ಸೆಟ್ ಚಾಲೂ ಮಾಡಿದಾಗ ಮನೆಯ ಬಲ್ಬು ಮಂಕಾಗುವುದು ನಮಗೆಲ್ಲ ಗೊತ್ತು. ತಂತಿಯಲ್ಲಿ ಕರೆಂಟು ಹೆಚ್ಚು ಹರಿದಂತೆ ವೋಲ್ಟೇಜ್ ಬೀಳುತ್ತದೆ. ಪ್ರೊಸೆಸರಿಗೂ ಹಾಗೇ. 80 ಆಂಪಿಯರ್ ಹರಿಯುವಾಗ ದಾರಿಯಲ್ಲಿ ಒಂದು ಓಮಿನ ಸಾವಿರದಲ್ಲೊಂದು ಪಾಲು ಅಡ್ಡಿಯಿದ್ದರೂ 0.08 ವೋಲ್ಟ್ ಬಿತ್ತು. 230ರಲ್ಲಿ ಅದು ಲೆಕ್ಕಕ್ಕಿಲ್ಲ, 1.30ರಲ್ಲಿ ಅದು ದೊಡ್ಡ ಮೊತ್ತ. ಸುಮ್ಮನೆ ಕೂತಾಗ 1.30 ತೋರಿಸುವ ಪ್ರೊಸೆಸರ್ ದುಡಿಯಲು ಶುರುಮಾಡಿದ ಕೂಡಲೇ 1.22ಕ್ಕೆ ಇಳಿಯುತ್ತದೆ. ಇದಕ್ಕೆ ಇಂಗ್ಲಿಷಿನ ಹುಡುಗರು ಇಟ್ಟ ಹೆಸರು ‘ವಿ-ಡ್ರೂಪ್’. ಬರೆದ ವೇಗದಲ್ಲಿ ಓಡಿಸುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಓವರ್‌ಕ್ಲಾಕ್ ಮಾಡುವವನಿಗೆ ಮಾತ್ರ ದುಡಿಮೆ ಜಾಸ್ತಿಯಾದ ಹೊತ್ತಿಗೇ ವೋಲ್ಟೇಜ್ ಕೈಕೊಟ್ಟು ಕಂಪ್ಯೂಟರ್ ನಿಂತುಹೋಗುತ್ತದೆ.

2007ರ ಜುಲೈಯಲ್ಲಿ ಇಂಟೆಲ್ ತನ್ನ ಕೋರ್ 2 ಕ್ವಾಡ್ ಕ್ಯೂ6600 ಎಂಬ ನಾಲ್ಕು ಕೋರಿನ ಪ್ರೊಸೆಸರಿನ ಬೆಲೆಯನ್ನು 266 ಡಾಲರಿಗೆ ಇಳಿಸಿತು. ಆ ವರ್ಷದ ಜನವರಿಯಲ್ಲಿ ಅದರ ಬೆಲೆ 851 ಡಾಲರ್ ಇತ್ತು. ಆಗ ನಮ್ಮ ಮನೆಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗ ಹಣ ಕೂಡಿಸಿ, ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳನ್ನೆಲ್ಲ ಸುತ್ತಿ ಒಂದು ತಂದ. 2.4 ಗಿಗಾಹರ್ಟ್ಸಿನ ಆ ಚಿಪ್ಪನ್ನು 3.6ಕ್ಕೆ ಏರಿಸುವುದು ಅವನ ಆಸೆ. ಒಂದು ರಾತ್ರಿ ಊಟದ ಮೇಜಿನ ಮೇಲೆ ಬೋರ್ಡು ಬಿಚ್ಚಿಟ್ಟು ಪೆನ್ಸಿಲ್ ಹಿಡಿದು ಕೂತಿದ್ದ.

"ಏನೋ ಇದು, ಡ್ರಾಯಿಂಗಾ?" ಅಂದೆ.

"ಅಲ್ಲ ಮಾವ, ವೋಲ್ಟೇಜ್ ಬೀಳ್ತಾ ಇದೆ. ಬೀಳದ ಹಾಗೆ ಮಾಡ್ತಿದ್ದೀನಿ."

"ವೋಲ್ಟೇಜ್ ಬಿದ್ದರೆ ಸ್ಟೆಬಿಲೈಜರ್ ತಗೋಬೇಕು ಕಣೋ, ಪೆನ್ಸಿಲ್ ಅಲ್ಲ!"

ಅವನು ನಕ್ಕು ವಿವರಿಸಿದ. ಪ್ರೊಸೆಸರಿಗೆ ವೋಲ್ಟೇಜ್ ಕೊಡುವ ರೆಗ್ಯುಲೇಟರನ್ನು ಆಳುವುದು ಬೋರ್ಡಿನ ಮೇಲಿನ ಒಂದು ಕಂಟ್ರೋಲರ್ ಚಿಪ್ಪು. ಎಷ್ಟು ಆಂಪಿಯರ್ ಹೋಗುತ್ತಿದೆ ಎಂದು ಅದು ಅಳೆಯುತ್ತಿರುತ್ತದೆ, ಹೆಚ್ಚು ಹೋದಷ್ಟೂ ವೋಲ್ಟೇಜನ್ನು ಇಂತಿಷ್ಟು ಅಂತ ತಾನೇ ಇಳಿಸುತ್ತದೆ. ಆ ‘ಇಂತಿಷ್ಟು’ ಎಷ್ಟೆಂದು ನಿರ್ಧರಿಸುವುದು ಪಕ್ಕದ ಸಾಸಿವೆಕಾಳಿನಷ್ಟು ದೊಡ್ಡ ರೆಸಿಸ್ಟರ್. ಅದರ ಮೇಲೆ ಪೆನ್ಸಿಲ್ ಉಜ್ಜಿದರೆ ಗ್ರಾಫೈಟ್ ಪದರ ಸಮಾಂತರ ದಾರಿಯಾಗುತ್ತದೆ, ಒಟ್ಟು ಅಡ್ಡಿ ಕಡಿಮೆಯಾಗುತ್ತದೆ, ವೋಲ್ಟೇಜ್ ಬೀಳುವುದೂ ಕಡಿಮೆಯಾಗುತ್ತದೆ. ಎರಡೆರಡು ಸಲ ಉಜ್ಜಿ ಮೀಟರಿನಲ್ಲಿ ನೋಡಬೇಕು. ಜಾಸ್ತಿಯಾದರೆ ರಬ್ಬರಿನಿಂದ ಅಳಿಸಬೇಕು. ಆಸುಸ್ ಕಂಪೆನಿಯ ಪಿ5ಬಿ ಡಿಲಕ್ಸ್ ಮತ್ತು ಅಂಥ ಹಲವು ಬೋರ್ಡುಗಳಿಗೆ ಯಾವ ರೆಸಿಸ್ಟರಿನ ಮೇಲೆ ಉಜ್ಜಬೇಕೆಂಬ ಫೋಟೋಗಳು ಆಗ ಕೈಯಿಂದ ಕೈಗೆ ಓಡಾಡುತ್ತಿದ್ದವು.

ಅವನ ಮಾತಿನಲ್ಲಿ ಒಂದು ಪದ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕಂಟ್ರೋಲರ್ ವೋಲ್ಟೇಜನ್ನು ‘ತಾನೇ’ ಇಳಿಸುತ್ತದೆ! ಅಂದರೆ ಊರಿನ ಬಲ್ಬಿನ ಹಾಗೆ ತಂತಿಯ ದೋಷವಲ್ಲ, ಬೇಕೆಂದೇ ಮಾಡಿದ್ದು. ಯಾಕಿರಬಹುದು?

ಉತ್ತರ ಇಂಟೆಲ್ಲಿನ ಮಾರ್ಗಸೂಚಿಗಳಲ್ಲೇ ಇದೆ. ಪೆಂಟಿಯಮ್ 4 ಕಾಲದಿಂದ ಇಂಟೆಲ್ ಬೋರ್ಡು ಮಾಡುವವರಿಗೆ ‘ಲೋಡ್-ಲೈನ್’ ಎಂಬ ಇಳಿಜಾರು ಗೆರೆಯನ್ನು ಹಾಕಿಕೊಟ್ಟಿತ್ತು. ಆಂಪಿಯರ್ ಇಷ್ಟಾದಾಗ ವೋಲ್ಟೇಜ್ ಇಷ್ಟೇ ಇರಬೇಕು ಅಂತ. ಓವರ್‌ಹೆಡ್ ಟ್ಯಾಂಕಿನ ನೀರು ಜೋರಾಗಿ ಬರುವಾಗ ನಲ್ಲಿಯನ್ನು ಪಟ್ಟನೆ ನಿಲ್ಲಿಸಿದರೆ ಪೈಪು ಢಬ್ ಎನ್ನುತ್ತದಲ್ಲ, ಪ್ರೊಸೆಸರ್ ದುಡಿಮೆ ಮುಗಿಸಿ ಪಟ್ಟನೆ ಸುಮ್ಮನಾದಾಗ ಆಗುವುದೂ ಅದೇ. ರೆಗ್ಯುಲೇಟರಿನ ಸುರುಳಿಗಳಲ್ಲಿ ಹರಿಯುತ್ತಿದ್ದ ಕರೆಂಟು ತಕ್ಷಣ ನಿಲ್ಲುವುದಿಲ್ಲ, ಹೋಗಿ ಕೆಪಾಸಿಟರುಗಳಿಗೆ ಬಡಿಯುತ್ತದೆ. ಕಂಟ್ರೋಲರ್ ಸರಿಪಡಿಸುವಷ್ಟರಲ್ಲಿ ಕೆಲವು ಮೈಕ್ರೋಸೆಕೆಂಡು ವೋಲ್ಟೇಜ್ ಮೇಲಕ್ಕೆ ನೆಗೆಯುತ್ತದೆ. ಉದಾಹರಣೆಗೆ ಆ ನೆಗೆತ 0.05 ಅಂತಿಟ್ಟುಕೊಳ್ಳಿ. ದುಡಿಯುವಾಗ 1.22ರಲ್ಲಿದ್ದರೆ ನೆಗೆದರೂ 1.27, ಮೇಲಿನ ಮಿತಿ 1.30ರ ಒಳಗೇ. ಪೆನ್ಸಿಲ್ ಉಜ್ಜಿ 1.29ರಲ್ಲೇ ನಿಲ್ಲಿಸಿದ್ದರೆ 1.34, ಮಿತಿ ದಾಟಿತು. ನಮ್ಮ ಸಾಧಾರಣ ಮೀಟರಿನಲ್ಲಿ ಈ ನೆಗೆತ ಕಾಣುವುದೇ ಇಲ್ಲ.

ಅಂದರೆ ಆ ಇಳಿತ ದೋಷವಲ್ಲ, ಮಾರ್ಜಿನ್!

ನಮ್ಮ ಬ್ಯಾಂಕಿನ ಹಳೇ ಜಗಳ ಅಂದೆನಲ್ಲ, ಇದೇ ಅದು. 100 ರೂಪಾಯಿ ಸರಕು ಅಡವಿಟ್ಟರೆ 75 ರೂಪಾಯಿ ಸಾಲ. "ಸರಕು ಪೂರ್ತಿ ನೂರರದ್ದೇ ಇದೆಯಲ್ಲ ಸಾರ್, ಆ 25 ಯಾಕೆ ಸುಮ್ಮನೆ ಹಿಡಿದಿಟ್ಟುಕೊಳ್ತೀರಿ?" ಅಂತ ಕೇಳದ ವ್ಯಾಪಾರಿಯೇ ಇಲ್ಲ. ಎಲ್ಲ ಸರಿಯಾಗಿ ನಡೆಯುವ ದಿನಗಳಲ್ಲಿ ಆ 25 ನಿಜಕ್ಕೂ ಸುಮ್ಮನೆ ಬಿದ್ದಿರುತ್ತದೆ. ಅದರ ಕೆಲಸವಿರುವುದು ಪೇಟೆ ಒಂದೇ ದಿನದಲ್ಲಿ ಕುಸಿದಾಗ.

ಹಾಗಂತ ಪೆನ್ಸಿಲ್ ಹುಡುಗರನ್ನು ದಡ್ಡರೆನ್ನಲಾಗದು. ಅವರ ವಾದವೂ ಗಟ್ಟಿಯಾದದ್ದೇ. ದುಡಿಯುವಾಗ 1.40 ಬೇಕಾದರೆ, ಇಳಿತವಿರುವ ಬೋರ್ಡಿನಲ್ಲಿ ಸುಮ್ಮನಿರುವಾಗ 1.50 ಕೊಟ್ಟಿರಬೇಕು. ಖಾಲಿ ಕೂತ ಚಿಪ್ಪಿಗೆ ಅಷ್ಟು ಯಾಕೆ ಉಣಿಸಬೇಕು? ಎರಡೂ ಕಡೆ ಲೆಕ್ಕ ಸರಿಯಿದೆ. ವ್ಯತ್ಯಾಸ ಇರುವುದು ಅಪಾಯ ಯಾರ ತಲೆಯ ಮೇಲೆ ಎಂಬುದರಲ್ಲಿ. ಅಕ್ಕನ ಮಗನ ಚಿಪ್ಪು, ಅವನದೇ ದುಡ್ಡು, ಕೈಯಲ್ಲಿ ಮೀಟರು, ಪಕ್ಕದಲ್ಲಿ ರಬ್ಬರು. ವಾರಂಟಿ ಹೋಗುತ್ತದೆಂಬುದೂ ಅವನಿಗೆ ಗೊತ್ತು. ಮಾರ್ಜಿನ್ ಕರಗಿಸಿದವನೂ ನಷ್ಟ ಹೊರುವವನೂ ಒಬ್ಬನೇ. ಬ್ಯಾಂಕಿನವನಾಗಿ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ.

ಮುಂದಿನ ಕಥೆ ಬೇರೆ. 2007-08ರ ಹೊತ್ತಿಗೆ ಬೋರ್ಡು ಕಂಪೆನಿಗಳು ಪೆನ್ಸಿಲ್ಲಿನ ಕೆಲಸವನ್ನು ಬಯಾಸ್‌ನೊಳಗೇ ತಂದವು. ‘ಲೋಡ್-ಲೈನ್ ಕ್ಯಾಲಿಬ್ರೇಷನ್’ ಎಂಬ ಗಂಭೀರ ಹೆಸರು. ಒಂದು ಕೀ ಒತ್ತಿದರೆ ಇಳಿತ ಮಾಯ. ಪೆನ್ಸಿಲ್ ಕಾಲ ಅಲ್ಲಿಗೆ ಮುಗಿಯಿತು. 2008ರ ಕೊನೆಗೆ, ಓವರ್‌ಕ್ಲಾಕಿಂಗನ್ನು ಇಷ್ಟು ಬೆಳೆಸಿದ ಅಬಿಟ್ ಕೂಡ ಮದರ್‌ಬೋರ್ಡು ವ್ಯಾಪಾರ ಮುಚ್ಚಿತು. ಅದೇ ನವೆಂಬರಿನಲ್ಲಿ ಬಂದ ಇಂಟೆಲ್ಲಿನ ಕೋರ್ ಐ7 ಪ್ರೊಸೆಸರುಗಳಲ್ಲಿ ‘ಟರ್ಬೋ ಬೂಸ್ಟ್’ ಇತ್ತು. ಸೆಕೆ, ಕರೆಂಟು ನೋಡಿಕೊಂಡು ಚಿಪ್ಪು ತಾನೇ ವೇಗ ಏರಿಸಿಕೊಳ್ಳುವ ವ್ಯವಸ್ಥೆ. ಮೊದಲು ಹುಡುಗರು ಹುಡುಕಿ ತಿನ್ನುತ್ತಿದ್ದ ಉಳಿತಾಯವನ್ನು ಈಗ ಕಾರ್ಖಾನೆಯೇ ಖರ್ಚು ಮಾಡತೊಡಗಿತು. ವರ್ಷ ಕಳೆದಂತೆ ಕೆಲವು ಬೋರ್ಡುಗಳು ಪೆಟ್ಟಿಗೆಯಿಂದ ತೆಗೆದಾಗಲೇ ಇಂಟೆಲ್ ಹೇಳಿದ ಮಿತಿಗಿಂತ ಜಾಸ್ತಿ ಕರೆಂಟು ಬಿಡುವ ಹಾಗೆ ಹೊಂದಿಕೊಂಡು ಬರತೊಡಗಿದವು.

2024ರಲ್ಲಿ ಪೇಟೆ ಕುಸಿದ ದಿನ ಬಂತು. ಇಂಟೆಲ್ಲಿನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಕಾರಣವಿಲ್ಲದೆ ನಿಲ್ಲತೊಡಗಿದವು. ಚಿಪ್ಪಿನೊಳಗಿನ ಮೈಕ್ರೋಕೋಡೇ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು, ಅದರಿಂದ ಚಿಪ್ಪು ಒಳಗೊಳಗೇ ಸವೆಯುತ್ತಿತ್ತು ಎಂದು ಇಂಟೆಲ್ಲೇ ಒಪ್ಪಿಕೊಂಡಿತು. ಮಿತಿ ಮೀರಿದ ಬೋರ್ಡು ಸೆಟ್ಟಿಂಗುಗಳನ್ನೂ ಕಾರಣಗಳ ಪಟ್ಟಿಯಲ್ಲಿ ಹೆಸರಿಸಿತು. ಆಗಸ್ಟಿನಲ್ಲಿ 1.55 ವೋಲ್ಟಿಗಿಂತ ಜಾಸ್ತಿ ಕೇಳದಂತೆ ತಡೆ ಹಾಕುವ ತಿದ್ದುಪಡಿ ಬಂತು, ವಾರಂಟಿಯನ್ನು 2 ವರ್ಷ ವಿಸ್ತರಿಸಿದರು. ಆದರೆ ಆಗಲೇ ಸವೆದ ಚಿಪ್ಪು ತಿದ್ದುಪಡಿಯಿಂದ ಮೊದಲಿನಂತಾಗದು, ಬದಲಾಯಿಸಿಯೇ ಆಗಬೇಕು. ನಷ್ಟ ಅನುಭವಿಸಿದವರಲ್ಲಿ ಓವರ್‌ಕ್ಲಾಕಿಂಗ್ ಎಂಬ ಪದವನ್ನೇ ಕೇಳದವರೂ ಇದ್ದರು. ಅವರ ಮಾರ್ಜಿನ್ ಅನ್ನು ಅವರನ್ನು ಕೇಳದೆಯೇ ಬೇರೆಯವರು ಖರ್ಚು ಮಾಡಿಬಿಟ್ಟಿದ್ದರು.

ಅದಕ್ಕೇ ನನಗೆ ಆ ಪೆನ್ಸಿಲ್ ಗೆರೆಯ ಬಗ್ಗೆ ಒಂದು ಬಗೆಯ ಗೌರವ. ಅದು ಕಣ್ಣಿಗೆ ಕಾಣುತ್ತಿತ್ತು, ಎಳೆದವನಿಗೆ ಎಳೆದದ್ದು ನೆನಪಿರುತ್ತಿತ್ತು, ಬೇಡವೆಂದರೆ ಅಳಿಸಬಹುದಿತ್ತು. ಈಗ ಹೊಸ ಕಂಪ್ಯೂಟರ್ ಕೊಂಡವರಿಗೆ ನನ್ನ ಸಲಹೆ ಇಷ್ಟೇ: ಬಯಾಸ್ ಅಪ್‌ಡೇಟ್ ಮಾಡಿಸಿ, ಇಂಟೆಲ್ ಪ್ರೊಸೆಸರಾದರೆ ಅದರಲ್ಲಿ ‘ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್’ ಇದೆಯೋ ನೋಡಿಸಿ. ಆಮೇಲೆ ಏರಿಸುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಅಂದಹಾಗೆ ಲ್ಯಾಮಿಂಗ್ಟನ್ ರೋಡಿನಲ್ಲೋ, ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ, ಚೆನ್ನೈನ ರಿಚಿ ಸ್ಟ್ರೀಟಿನಲ್ಲೋ, ದೆಹಲಿಯ ನೆಹರೂ ಪ್ಲೇಸಿನಲ್ಲೋ ಸೆಲೆರಾನ್ 300ಎ ಹುಡುಕಿಕೊಂಡು ಅಲೆದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇದ್ದರೆ ಬರೆಯಿರಿ, 450ಕ್ಕೆ ಏರಿತೋ ಇಲ್ಲವೋ ಅಂತ ತಿಳಿಯುವ ಕುತೂಹಲವಿದೆ.